ಡೆತ್‌ಕೋರ್ ಆಲ್ಬಮ್ ಕೇಳುವ ಬಗೆ: ಹಳೇ ಮೆಟಲ್ ಕಿವಿಗೊಂದು ಹೊಸ ತಾಳ

ಬೆಂಗಳೂರಿನ ಮೆಟಲ್ ಕೇಳುಗರ ಒಂದು ತಲೆಮಾರು ಬೆಳೆದದ್ದೇ ಅರಮನೆ ಮೈದಾನದಲ್ಲಿ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಇವರನ್ನೆಲ್ಲ ಕೇಳಿ ಪಳಗಿದ ಕಿವಿಗೆ ಹಾಡು ಅಂದರೆ ರಿಫ್, ಮತ್ತೆ ಮತ್ತೆ ಬರುವ ಗಿಟಾರ್ ಧಾಟಿ. ರಿಫ್ ನೆನಪಿನಲ್ಲಿ ಉಳಿದರೆ ಹಾಡು ಗೆದ್ದಂತೆ. ಅಂಥ ಕಿವಿಗೆ ಮೊದಲ ಸಲ ಡೆತ್‌ಕೋರ್, ಅಂದರೆ ಡೆತ್ ಮೆಟಲ್‌ಗೆ ಹಾರ್ಡ್‌ಕೋರ್ ಪಂಕ್ ಬೆರೆತ ಪ್ರಕಾರ, ಬಿದ್ದಾಗ ಹೊರಡುವ ದೂರು ಬಹುತೇಕ ಒಂದೇ: "ರಿಫ್ ಎಲ್ಲಪ್ಪಾ? ಒಂದೇ ತಂತಿ ಕುಟ್ಟುತ್ತಾ ಇದ್ದಾರಲ್ಲ!"

ದೂರಿನಲ್ಲಿ ಅರ್ಧ ನಿಜವಿದೆ. ಡೆತ್‌ಕೋರ್‌ನಲ್ಲೂ ರಿಫ್ ಇದೆ, ಕೆಲವು ಬ್ಯಾಂಡ್‌ಗಳಲ್ಲಿ ಬಹಳ ಚೆನ್ನಾಗಿಯೂ ಇದೆ. ಆದರೆ ಹಾಡಿನ ಭಾರವನ್ನೆಲ್ಲ ಹೊರುವುದು ಲಯ ಕುಸಿದು ಬೀಳುವ ಗಳಿಗೆ, ಅಂದರೆ ಬ್ರೇಕ್‌ಡೌನ್. ರಿಫ್ ಬಹಳ ಸಲ ಅಲ್ಲಿಗೆ ಹತ್ತಿಸಿಕೊಂಡು ಹೋಗುವ ಮೆಟ್ಟಿಲು ಮಾತ್ರ. ಇಷ್ಟು ತಿಳಿದು ಕೇಳಿದರೆ ಒಳ್ಳೆಯ ಆಲ್ಬಮ್ ಯಾವುದು, ಬರೀ ಗದ್ದಲ ಯಾವುದು ಎಂದು ಬೇರ್ಪಡಿಸಲು ಬರುತ್ತದೆ. ಇದಕ್ಕೆ ಉದಾಹರಣೆಯಾಗಿ ಲೋರ್ನಾ ಶೋರ್ ಬ್ಯಾಂಡ್‌ನ 'ಪೇನ್ ರಿಮೇನ್ಸ್' ಆಲ್ಬಮ್ ಇಟ್ಟುಕೊಳ್ಳೋಣ. ನ್ಯೂಜೆರ್ಸಿಯ ಬ್ಯಾಂಡ್, ಆಲ್ಬಮ್ ಬಂದದ್ದು 2022ರ ಅಕ್ಟೋಬರ್ 14ರಂದು, 10 ಹಾಡು, ಸುಮಾರು 61 ನಿಮಿಷ. ಅದಕ್ಕೂ ಹಿಂದಿನ ವರ್ಷ ಇವರ 'ಟು ದ ಹೆಲ್‌ಫೈರ್' ಹಾಡು ಟಿಕ್‌ಟಾಕ್‌ನಲ್ಲಿ ಹಬ್ಬಿತ್ತು. ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್‌ನಲ್ಲೇ ನಿಂತುಹೋಗಿದ್ದರಿಂದ ಇಲ್ಲಿಯವರಿಗೆ ಅದು ತಲುಪಿದ್ದು ಯೂಟ್ಯೂಬ್, ಇನ್‌ಸ್ಟಾಗ್ರಾಮ್ ದಾರಿಯಲ್ಲಿ, ಅದೂ ಹೆಚ್ಚಾಗಿ ಕೊನೆಯ ಅರ್ಧ ನಿಮಿಷದ ತುಣುಕಾಗಿ. ತುಣುಕು ನೋಡಿ ಈ ಸಂಗೀತವನ್ನು ಅಳೆಯಬಾರದು ಅನ್ನುವುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಬ್ರೇಕ್‌ಡೌನ್ ಅಂದರೆ ನಿಖರವಾಗಿ ಏನು

ಕರ್ನಾಟಕ ಸಂಗೀತದ ಪಾಠಕ್ಕೆ ಒಂದು ವರ್ಷ ಹೋದವರಿಗೂ ಇದು ಸುಲಭ. ಸರಳೆ ವರಸೆಯನ್ನು ಎರಡನೇ ಕಾಲದಲ್ಲಿ ಹಾಡುತ್ತಿದ್ದೀರಿ, ಒಂದು ಎಣಿಕೆಗೆ ಎರಡು ಸ್ವರ. ತಾಳ ಹಾಕುವ ಕೈ ನಿಲ್ಲಿಸದೆ, ವೇಗವನ್ನೂ ಬದಲಿಸದೆ ಥಟ್ಟನೆ ಒಂದನೇ ಕಾಲಕ್ಕೆ ಇಳಿಯಿರಿ, ಒಂದು ಎಣಿಕೆಗೆ ಒಂದೇ ಸ್ವರ. ಕೈ ಅದೇ ಕೈ, ಆದರೆ ಹಾಡು ಆನೆಯ ನಡೆಗೆ ಬಂದುಬಿಡುತ್ತದೆ. ಬ್ರೇಕ್‌ಡೌನ್‌ನ ಮೊದಲ ಬಗೆ ಇದು. ಡ್ರಮ್ಮರ್‌ಗಳ ಮಾತಿನಲ್ಲಿ ಹಾಫ್ ಟೈಮ್. ನಾಲ್ಕು ಎಣಿಕೆಯ ಒಂದು ಸುತ್ತಿನಲ್ಲಿ ಮಾಮೂಲಾಗಿ 2 ಮತ್ತು 4ಕ್ಕೆ ಬೀಳುವ ಸ್ನೇರ್ (ಚಟ್ಟೆನ್ನುವ ಚಿಕ್ಕ ಡ್ರಮ್) ಈಗ 3ಕ್ಕೆ ಒಂದೇ ಸಲ ಬೀಳುತ್ತದೆ.

ಎರಡನೆಯ ಬಗೆಯಲ್ಲಿ ತಾಳ ಹಾಕುವ ಕೈಯೇ ನಿಧಾನವಾಗುತ್ತದೆ. ನಿಮಿಷಕ್ಕೆ 120 ಎಣಿಕೆಯಲ್ಲಿದ್ದ ಹಾಡು ನಿಜವಾಗಿಯೂ 90ಕ್ಕೋ 70ಕ್ಕೋ ಇಳಿಯುತ್ತದೆ. ಹಾಡಿನ ಕೊನೆಯಲ್ಲಿ ಒಂದು ಬ್ರೇಕ್‌ಡೌನ್ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅದೇ ರಿಫ್ ಇನ್ನೂ ಭಾರವಾಗಿ, ಕಾಲೆಳೆದುಕೊಂಡು ಬರುವುದು ಈ ಬಗೆ. ಎರಡರ ವ್ಯತ್ಯಾಸ ಹಿಡಿಯಲು ತೊಡೆಯ ಮೇಲೆ ಕೈ ತಟ್ಟುತ್ತಾ ಕೇಳಿ. ಕುಸಿತ ಬಂದಾಗ ಕೈ ಅದೇ ವೇಗದಲ್ಲಿ ಹೊಂದಿಕೊಂಡರೆ ಮೊದಲನೆಯದು, ಹೊಂದದೆ ತಪ್ಪಿಹೋದರೆ ಎರಡನೆಯದು.

ಮೈ ಇದನ್ನು ತಲೆಗಿಂತ ಮುಂಚೆ ಹಿಡಿಯುತ್ತದೆ. ಗಣೇಶನ ಮೆರವಣಿಗೆಯಲ್ಲಿ ತಮಟೆಯವರು ಹೊಡೆತ ಬದಲಿಸಿದ ಕ್ಷಣಕ್ಕೆ ಕುಣಿಯುವವರ ಕಾಲೂ ಬದಲಾಗುವುದನ್ನು ನೋಡಿದ್ದೀರಲ್ಲ, ಅದೇ ಸಂಗತಿ. ಬ್ರೇಕ್‌ಡೌನ್ ಡೆತ್‌ಕೋರ್‌ನವರು ಹುಡುಕಿದ್ದೂ ಅಲ್ಲ. ಪ್ಯಾಂಟೆರಾ ಬ್ಯಾಂಡ್‌ನ 1990ರ 'ಡಾಮಿನೇಷನ್' ಹಾಡಿನ ಕೊನೆಯ ಭಾಗಕ್ಕೆ ತಲೆ ಕುಣಿಸಿದವರೆಲ್ಲ ಇದನ್ನು ಅನುಭವಿಸಿದವರೇ. ನ್ಯೂಯಾರ್ಕ್‌ನ ಸಫೋಕೇಷನ್ 1991ರಲ್ಲಿ ಅದನ್ನು ಡೆತ್ ಮೆಟಲ್ ಒಳಗೆ ಗಟ್ಟಿಯಾಗಿ ಕೂರಿಸಿತು. ಅದರ ಜೊತೆಗೆ ಹಾರ್ಡ್‌ಕೋರ್‌ನ ಕುಣಿತ ಸೇರಿ 2000ದ ನಂತರ ಡೆತ್‌ಕೋರ್ ಅನ್ನುವ ಹೆಸರು ನಿಂತಿತು: ಮಾಂಟ್ರಿಯಲ್‌ನ ಡಿಸ್ಪೈಸ್ಡ್ ಐಕನ್, ಕ್ಯಾಲಿಫೋರ್ನಿಯಾದ ಸುಯಿಸೈಡ್ ಸೈಲೆನ್ಸ್, ಟೆನೆಸಿಯ ವೈಟ್‌ಚಾಪೆಲ್.

ಬಿದ್ದದ್ದಕ್ಕೆ ಬೆಲೆ ಬರುವುದು ಎತ್ತರದಿಂದ ಬಿದ್ದಾಗ. ಆದ್ದರಿಂದ ಬ್ರೇಕ್‌ಡೌನ್‌ಗೆ ಮುಂಚಿನ 20 ಸೆಕೆಂಡನ್ನು ಗಮನಿಸಿ. ಒಳ್ಳೆಯ ಬ್ಯಾಂಡ್ ಅಲ್ಲಿ ಬ್ಲಾಸ್ಟ್ ಬೀಟ್ (ಡ್ರಮ್‌ಗಳನ್ನು ಬಿಡುವಿಲ್ಲದೆ ಅತಿ ವೇಗದಲ್ಲಿ ಬಡಿಯುವುದು) ಹಾಕಿ ವೇಗ ಏರಿಸುತ್ತದೆ, ಗಿಟಾರ್ ಮೇಲಿನ ಸ್ವರಗಳಿಗೆ ಹೋಗುತ್ತದೆ, ಗಾಯಕ ಉಸಿರು ಹಿಡಿದು ಒಂದೇ ಕೂಗನ್ನು ಎಳೆಯುತ್ತಾನೆ. ಆಮೇಲೆ ಒಂದು ಎಣಿಕೆಯಷ್ಟು ಪೂರ್ತಿ ಮೌನ. ಆ ಮೌನ ಎಷ್ಟು ಶುದ್ಧವಾಗಿದೆಯೋ ಹೊಡೆತ ಅಷ್ಟು ಬಲವಾಗಿರುತ್ತದೆ. ಗಿಟಾರ್ ಸಾಲಿನಲ್ಲಿ ನಾಯ್ಸ್ ಗೇಟ್ ಹಾಕುವುದು ಇದಕ್ಕಾಗಿಯೇ. ಗಿಟಾರ್ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಇಷ್ಟು ಏರಿಸಿದಾಗ ತಂತಿ ಮುಟ್ಟದಿದ್ದರೂ ಆಂಪ್ ಬುಸುಗುಡುತ್ತಿರುತ್ತದೆ, ಗೇಟ್ ಅದನ್ನು ಕತ್ತರಿಸುತ್ತದೆ. ಗೇಟ್ ನಿಧಾನವಾಗಿ ಮುಚ್ಚಿದರೆ, ಅಥವಾ ಆ ಎಡೆಯಲ್ಲಿ ರಿವರ್ಬ್‌ನ (ಮಾರ್ದನಿಯ) ಬಾಲ ತುಂಬಿಕೊಂಡರೆ, ಬೀಳುವ ಹೊಡೆತ ಮೊಂಡಾಗುತ್ತದೆ. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ ಮತ್ತು ಗಿಟಾರ್‌ನ ಅದುಮಿದ ಹೊಡೆತ ಒಂದೇ ಗಳಿಗೆಗೆ ಬೀಳಬೇಕು. ಸೆಕೆಂಡಿನ ನೂರರಲ್ಲಿ ಎರಡು ಮೂರು ಭಾಗ ಆಚೀಚೆಯಾದರೂ ಬಿಗಿ ಹೋಗುತ್ತದೆ.

ಅಷ್ಟು ಕೆಳಗಿನ ಸ್ವರ ಏಕೆ, ಮತ್ತು ನಿಮ್ಮ ಫೋನಿಗೆ ಅದು ಏಕೆ ಕೇಳಿಸುವುದಿಲ್ಲ

ಮಾಮೂಲಿ ಗಿಟಾರ್‌ನ ದಪ್ಪ ತಂತಿ, ಅಂದರೆ ಇ, ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಏಳು ತಂತಿಯ ಗಿಟಾರನ್ನು ಡ್ರಾಪ್ ಎ ಶ್ರುತಿಗೆ, ಅಂದರೆ ಅತಿ ದಪ್ಪ ತಂತಿಯನ್ನು ಎ ಸ್ವರಕ್ಕೆ, ಇಳಿಸಿದರೆ ಅತಿ ಕೆಳಗಿನ ಸ್ವರ 55 ಹರ್ಟ್ಸ್. ಎಂಟು ತಂತಿಯ ಗಿಟಾರ್‌ನ ಎಫ್ ಶಾರ್ಪ್ ಇನ್ನೂ ಕೆಳಗೆ, ಸುಮಾರು 46. ಬಾಸ್ ಗಿಟಾರ್ ಇದಕ್ಕೂ ಒಂದು ಸ್ಥಾಯಿ ಕೆಳಗೆ ಹೋದರೆ ಡ್ರಾಪ್ ಎ ಹಾಡಿನಲ್ಲಿ 27.5 ಹರ್ಟ್ಸ್ ಆಗುತ್ತದೆ. ಮನುಷ್ಯನ ಕಿವಿಯ ಮಿತಿಯೇ ಸುಮಾರು 20. ಬಾಸ್ ಇಲ್ಲಿ ಕೇಳುವುದಕ್ಕಿಂತ ಹೆಚ್ಚಾಗಿ ಎದೆಗೆ ತಟ್ಟುವ ವಸ್ತು.

ಶ್ರುತಿ ಇಳಿಸಿದರೆ ತಂತಿ ಸಡಿಲವಾಗುತ್ತದೆ. ಸಡಿಲ ತಂತಿಯನ್ನು ಜೋರಾಗಿ ಹೊಡೆದರೆ ಮೊದಲ ಕ್ಷಣ ಸ್ವರ ಮೇಲಕ್ಕೆ ಹೋಗಿ ಆಮೇಲೆ ಜಾಗಕ್ಕೆ ಬರುತ್ತದೆ, ಕಿವಿಗೆ ಅಪಶ್ರುತಿ ಅನಿಸುತ್ತದೆ. 46 ಗೇಜ್‌ನ (ಇಂಚಿನ ಸಾವಿರದಲ್ಲಿ 46 ಭಾಗ ದಪ್ಪದ) ತಂತಿಯಲ್ಲಿ ಡ್ರಾಪ್ ಎ ನಿಲ್ಲುವುದಿಲ್ಲ, 62 ಅಥವಾ 64 ಬೇಕು. ಗಿಟಾರ್‌ನಲ್ಲಿ ತಂತಿ ಕಂಪಿಸುವ ಉದ್ದವೂ ಮಾಮೂಲಿ 25.5 ಇಂಚಿನ ಬದಲು 26.5 ಅಥವಾ 27 ಇಂಚು ಇದ್ದರೆ ಬಿಗಿ ಉಳಿಯುತ್ತದೆ. ಮನೆಯಲ್ಲಿ ಹಳೇ ಗಿಟಾರನ್ನು ಇಳಿಸಿ ನುಡಿಸಿ ನೋಡಿ "ಬರೀ ಗೊರಗೊರ ಅನ್ನುತ್ತೆ" ಎಂದು ಕೈಬಿಡುವವರ ತೊಂದರೆ ಹೆಚ್ಚಾಗಿ ಇಲ್ಲೇ ಇರುತ್ತದೆ.

ಇನ್ನು ಕೇಳುವ ಸಾಧನ. ಫೋನಿನ ಸ್ಪೀಕರ್ 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಕೊಡುವುದಿಲ್ಲ. ಆದರೂ ಗಿಟಾರ್ ಕೇಳಿಸಿದಂತೆ ಅನಿಸುತ್ತದೆ. 55ರ ಸ್ವರದ ಜೊತೆಗೇ 110, 165, 220 ಹೀಗೆ ಮೇಲಿನ ಕಂಪನಗಳೂ ಇರುತ್ತವೆ, ಅವನ್ನು ಕೇಳಿ ಮೆದುಳು ಬುಡದ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಸ್ವರದ ಗುರುತು ಸಿಗುತ್ತದೆ, ಭಾರ ಸಿಗುವುದಿಲ್ಲ. ಭಾರವೇ ವಿಷಯವಾದ ಸಂಗೀತವನ್ನು ಭಾರ ಕಳೆದು ಕೇಳಿದರೆ ಉಳಿಯುವುದು ಒಂದೇ ತಂತಿಯ ಟಕಟಕ.

ನಮ್ಮ ಮೆಟ್ರೋ ಪ್ರಯಾಣಕ್ಕೂ ಇದೇ ಸಮಸ್ಯೆ. ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದ ತನಕ ಹೋಗುವುದರೊಳಗೆ ಈ ಆಲ್ಬಮ್ ಪೂರ್ತಿ ಮುಗಿಯುತ್ತದೆ, ಲೆಕ್ಕಕ್ಕೆ ಚೆನ್ನಾಗಿದೆ. ಆದರೆ ರೈಲಿನ ಗುಡುಗು ಇರುವುದೂ ಕೆಳಗಿನ ಕಂಪನಗಳಲ್ಲೇ, ಅದು ಬಾಸ್ ಮತ್ತು ಕಿಕ್ ಎರಡನ್ನೂ ನುಂಗುತ್ತದೆ. ಜನ ಆಗ ಮಾಡುವುದು ವಾಲ್ಯೂಮ್ ಏರಿಸುವುದು. 85 ಡೆಸಿಬೆಲ್‌ನಲ್ಲಿ 8 ಗಂಟೆ ಕೇಳಬಹುದು ಅನ್ನುವುದು ಕೆಲಸದ ಜಾಗಗಳಿಗೆ ಅಮೆರಿಕದ ಆರೋಗ್ಯ ಸಂಸ್ಥೆ ಇಟ್ಟ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 94 ಡೆಸಿಬೆಲ್‌ಗೆ ಬಂದರೆ ಸಿಗುವುದು ಒಂದು ಗಂಟೆ. ಅಂದರೆ 61 ನಿಮಿಷದ ಈ ಆಲ್ಬಮ್ ಒಂದೇ ಸಲಕ್ಕೆ ಇಡೀ ದಿನದ ಪಾಲನ್ನು ತಿಂದುಹಾಕುತ್ತದೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿ, ತುದಿಯ ಅಳತೆ ಸರಿಯಾಗಿ ಆರಿಸಿಕೊಳ್ಳಿ. ಸ್ವಲ್ಪ ಸಂದು ಉಳಿದರೂ ಮೊದಲು ಸೋರಿಹೋಗುವುದು ಬಾಸ್. ಮೊದಲ ಕೇಳುವಿಕೆ ಮಾತ್ರ ಮನೆಯಲ್ಲಿರಲಿ. ಸ್ಪೀಕರ್ ಇದ್ದವರು ರಾತ್ರಿ 10ರ ನಂತರ ಹೆಡ್‌ಫೋನ್‌ಗೆ ಬರಬೇಕು, ಏಕೆಂದರೆ 40–50 ಹರ್ಟ್ಸ್‌ನ ಕಂಪನ ಅಪಾರ್ಟ್‌ಮೆಂಟ್ ಗೋಡೆಯನ್ನು ಲೆಕ್ಕಿಸುವುದಿಲ್ಲ. ಪಕ್ಕದ ಮನೆಯವರಿಗೆ ಹಾಡು ಕೇಳಿಸದೆ ಗುಮ್ಮು ಮಾತ್ರ ಕೇಳಿಸುತ್ತದೆ.

ಡ್ರಮ್ಸ್ ಮತ್ತು ಗಂಟಲು

ನಿಮಿಷಕ್ಕೆ 240 ಎಣಿಕೆ ಅಂದರೆ ಸೆಕೆಂಡಿಗೆ 4. ಪ್ರತಿ ಎಣಿಕೆಗೆ ನಾಲ್ಕು ಕಿಕ್ ಹಾಕಿದರೆ ಎರಡು ಕಾಲು ಸೇರಿ ಸೆಕೆಂಡಿಗೆ 16 ಹೊಡೆತ. ಮೈಕ್‌ನಲ್ಲಿ ಹಿಡಿದ ಸಹಜ ಕಿಕ್ ಆ ವೇಗದಲ್ಲಿ ಕಲಸಿಹೋಗುತ್ತದೆ. ಒಂದು ಹೊಡೆತದ ಅನುರಣನ ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಅದಕ್ಕೇ ಪ್ರತಿ ಹೊಡೆತಕ್ಕೂ ಮೊದಲೇ ಮುದ್ರಿಸಿಟ್ಟ ಮೊನಚಾದ ಸದ್ದನ್ನು ಕೂರಿಸುತ್ತಾರೆ. ಇದು ಮೋಸ ಎಂದು ಹಳೇ ಕೇಳುಗರು ಬೈಯುವುದುಂಟು. ನುಡಿಸಿದ್ದು ಮನುಷ್ಯನೇ ಆಗಿದ್ದರೆ ಮೋಸವೇನಿಲ್ಲ, ಸ್ಪಷ್ಟತೆಗೆ ಬೇರೆ ದಾರಿಯಿಲ್ಲ. ಕೆಡುವುದು ಎಲ್ಲಿ ಅಂದರೆ, ಎಲ್ಲ ಹೊಡೆತಕ್ಕೂ ಒಂದೇ ಬಲ ಕೊಟ್ಟಾಗ. ಆಗ ಡಬಲ್ ಬಾಸ್ (ಎರಡು ಕಾಲಿನ ಕಿಕ್) ಹೊಲಿಗೆ ಮಷೀನಿನಂತೆ ಕೇಳಿಸುತ್ತದೆ. ಲೋರ್ನಾ ಶೋರ್‌ನ ಡ್ರಮ್ಮರ್ ಆಸ್ಟಿನ್ ಆರ್ಚಿ ಅಸಾಧಾರಣ ಕೈಕಾಲಿನವನು, ಆದರೂ ಈ ಆಲ್ಬಮ್‌ನ ಕಿಕ್ ಅಗತ್ಯಕ್ಕಿಂತ ಹೆಚ್ಚು ಟಿಕ್‌ಟಿಕ್ ಅನ್ನುತ್ತದೆ. ಸಿಂಬಲ್‌ಗಳ ಕಡೆ ಕಿವಿ ಇಟ್ಟರೆ ಅವನ ಕೈಯ ಏರಿಳಿತ ಗೊತ್ತಾಗುತ್ತದೆ.

ಗಾಯನದ ಬಗ್ಗೆ ಜನರಲ್ಲಿರುವ ದೊಡ್ಡ ತಪ್ಪು ಕಲ್ಪನೆ, ಇದು ಗಂಟಲು ಹರಿಯುವಂತೆ ಕಿರುಚುವುದು ಅನ್ನುವುದು. ನಾವು ಮಾತಾಡುವ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಾಂಸದ ಮಡಿಕೆಗಳಿವೆ. ಕೆಳಸ್ಥಾಯಿಯ ಗರ್ಜನೆಯಲ್ಲಿ ಆ ಮೇಲಿನ ಮಡಿಕೆಗಳು ಹತ್ತಿರ ಬಂದು ಅದುರುತ್ತವೆ. ಅವು ದಪ್ಪ, ನಿಧಾನಕ್ಕೆ ಅದುರುತ್ತವೆ, ಆದ್ದರಿಂದ ಸದ್ದು ಆಳವಾಗಿ, ಒರಟಾಗಿ ಬರುತ್ತದೆ. ಲೋರ್ನಾ ಶೋರ್‌ನ ಗಾಯಕ ವಿಲ್ ರಾಮೋಸ್‌ನ ಗಂಟಲಿಗೆ ಕ್ಯಾಮೆರಾ ಇಳಿಸಿ ಇದನ್ನು ಚಿತ್ರೀಕರಿಸಿಯೂ ಇದ್ದಾರೆ. ಉಳಿದದ್ದೆಲ್ಲ ಬಾಯಿಯ ಆಕಾರದ ಕೆಲಸ. ಗಂಟಲಗೂಡು ಕೆಳಗಿಳಿಸಿ ಬಾಯಿ 'ಓ' ಮಾಡಿದರೆ ಗುಹೆಯ ಸದ್ದು. ನಾಲಿಗೆಯನ್ನು ಅಂಗುಳದ ಹತ್ತಿರ ಎತ್ತಿ ತುಟಿ ಸುತ್ತಿದರೆ ಹಂದಿ ಕಿರುಚಿದ ಸದ್ದು. ಹೊಟ್ಟೆಯಿಂದ ಉಸಿರು ಕೊಡದೆ ಗಂಟಲಿನಿಂದಲೇ ಒತ್ತಿದವರಿಗೆ ಎರಡು ಹಾಡಿಗೆ ಧ್ವನಿ ಕಟ್ಟುತ್ತದೆ. ಅಭ್ಯಾಸ ಮಾಡುವವರು ದಿನಕ್ಕೆ 10–15 ನಿಮಿಷಕ್ಕಿಂತ ಹೆಚ್ಚು ಶುರುವಿನಲ್ಲಿ ಮಾಡಬಾರದು, ಉರಿ ಅಥವಾ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಕೇಳುಗರಿಗೆ ಮುಖ್ಯವಾದ ಪ್ರಶ್ನೆ ಬೇರೆ: ಈ ಎಲ್ಲ ಬಗೆಯ ಸದ್ದು ಸಾಲಿನ ಅರ್ಥಕ್ಕೆ ಒದಗುತ್ತಿದೆಯೇ, ಇಲ್ಲ ಪ್ರದರ್ಶನಕ್ಕೆ ಮಾತ್ರವೇ? ಸಾಹಿತ್ಯ ಮುಂದಿಟ್ಟುಕೊಂಡು ಒಂದು ಸಲ ಕೇಳದೆ ಇದನ್ನು ಹೇಳಲು ಆಗುವುದಿಲ್ಲ.

ಮಿಕ್ಸ್ (ವಾದ್ಯಗಳ ಬೆರಕೆ) ಕೆಟ್ಟಿದೆಯೇ ಎಂದು ನೋಡುವ ಎರಡು ಪರೀಕ್ಷೆ

ಬ್ರೇಕ್‌ಡೌನ್ ಶುರುವಾಗುವಲ್ಲಿ 'ಬೂಂ...' ಎಂದು ಕೆಳಗಿಳಿಯುವ ಸದ್ದಿಗೆ ಬಾಸ್ ಡ್ರಾಪ್ ಅನ್ನುತ್ತಾರೆ. ಅದು ವಾದ್ಯದ್ದಲ್ಲ, ಯಂತ್ರದಲ್ಲಿ ಮಾಡಿದ ಶುದ್ಧ ಸ್ವರ, ಎರಡು ಮೂರು ಸೆಕೆಂಡಿನಲ್ಲಿ 80ರ ಆಸುಪಾಸಿನಿಂದ 30 ಹರ್ಟ್ಸ್ ತನಕ ಜಾರುತ್ತದೆ. ಅದೇ ಗಳಿಗೆಯಲ್ಲಿ ಕಿಕ್ಕೂ ಬೀಳುತ್ತದೆ, ಗಿಟಾರೂ ಬೀಳುತ್ತದೆ. ಒಟ್ಟು ಮಟ್ಟವನ್ನು ಹಿಡಿದಿಡುವ ಲಿಮಿಟರ್‌ಗೆ ಇದು ತಡೆಯಲಾಗದ ಹೊರೆ. ಅದು ಎಲ್ಲವನ್ನೂ ಒಟ್ಟಿಗೆ ಅದುಮುತ್ತದೆ. ಪರೀಕ್ಷೆ ಸುಲಭ: ಆ ಕ್ಷಣದಲ್ಲಿ ಸಿಂಬಲ್ ಮಾತ್ರ ಕೇಳಿ. ಸಿಂಬಲ್‌ನ ಸದ್ದು ಬೂಂ ಜೊತೆಗೆ ಕುಗ್ಗಿ ಆಮೇಲೆ ಮೇಲೆದ್ದು ಬಂದರೆ ಮಿಕ್ಸ್ ಮಿತಿಮೀರಿದೆ ಅಂತ ಅರ್ಥ. ದೊಡ್ಡ ಹೊಡೆತ ಬೀಳಬೇಕಾದ ಜಾಗದಲ್ಲೇ ಹಾಡು ಚಿಕ್ಕದಾಗುತ್ತದೆ.

ಎರಡನೆಯದು ವಾದ್ಯವೃಂದದ ಪರೀಕ್ಷೆ. ಈಚಿನ ಡೆತ್‌ಕೋರ್‌ನಲ್ಲಿ ಪಿಟೀಲು ಸಮೂಹ, ವೃಂದಗಾನ ತುಂಬಿರುತ್ತದೆ. ಬಹುಪಾಲು ಕಂಪ್ಯೂಟರಿನಲ್ಲಿ ಜೋಡಿಸಿದ್ದು. ಇದು ಗಿಟಾರ್ ಇರುವ ಎತ್ತರದಲ್ಲೇ ಕೂತು ಗಿಟಾರನ್ನು ಮುಚ್ಚುತ್ತದೆ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಮೋನೋ ಆಡಿಯೋ ಹಾಕಿ. ಎಡಬಲಕ್ಕೆ ಹರಡಿದ್ದೆಲ್ಲ ನಡುವಿಗೆ ಬಂದು ನಿಲ್ಲುತ್ತದೆ. ಆಗಲೂ ರಿಫ್ ಹಿಂಬಾಲಿಸಲು ಸಾಧ್ಯವಾದರೆ ಸಂಯೋಜನೆ ಗಟ್ಟಿ. ಬರೀ ಪಿಟೀಲು ಮತ್ತು ಸ್ನೇರ್ ಉಳಿದರೆ, ಗಿಟಾರ್ ಭಾಗವನ್ನು ಅಲಂಕಾರದಿಂದ ಮುಚ್ಚಿದ್ದಾರೆ. 'ಪೇನ್ ರಿಮೇನ್ಸ್' ಇದರಲ್ಲಿ ಪೂರ್ತಿ ಪಾಸಾಗುವುದಿಲ್ಲ. ವೇಗದ ಭಾಗಗಳಲ್ಲಿ ಗಿಟಾರ್ ಕಳೆದುಹೋಗುತ್ತದೆ, ಬಾಸ್ ಗಿಟಾರ್ ಅಂತೂ ಹುಡುಕಬೇಕು.

ಹಳೇ ಆಲ್ಬಮ್ ಜೊತೆ ಹೋಲಿಸುವಾಗ ಆ್ಯಪ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಆಯ್ಕೆ ಚಾಲೂ ಇರಲಿ. 1986ರ ಥ್ರ್ಯಾಶ್ ಮೆಟಲ್‌ಗಿಂತ ಈಗಿನ ಆಲ್ಬಮ್‌ಗಳನ್ನು ಬಹಳ ಜೋರಾಗಿ ಮಾಸ್ಟರ್ ಮಾಡುತ್ತಾರೆ, ಅಂದರೆ ಒಟ್ಟು ಸದ್ದನ್ನು ಏರಿಸಿ ಮುದ್ರಿಸುತ್ತಾರೆ. ಸಮ ಮಾಡದೆ ಕೇಳಿದರೆ ಹೊಸದು ಮೊದಲ ಹತ್ತು ನಿಮಿಷ ದೊಡ್ಡದಾಗಿ, ಅರ್ಧ ಗಂಟೆಗೆ ದಣಿವಾಗಿ ಕಾಣುತ್ತದೆ. ಎರಡೂ ಆಲ್ಬಮ್‌ಗೆ ನ್ಯಾಯವಲ್ಲ.

ಮೂರು ಸಲ ಕೇಳಿ, ಬರೆದುಕೊಳ್ಳಿ

ಮೊದಲ ಸಲ ತಾಳ ಮಾತ್ರ. ಒಂದು ಹಾಳೆಯಲ್ಲಿ ಪ್ರತಿ ಬ್ರೇಕ್‌ಡೌನ್ ಶುರುವಾದ ನಿಮಿಷ, ಸೆಕೆಂಡು, ಅದು ಯಾವ ಬಗೆ, ಅದಕ್ಕೆ ಮುಂಚೆ ಏನಿತ್ತು ಅಂತ ಗುರುತು ಹಾಕಿ. ಆಲ್ಬಮ್ ಮುಗಿದಾಗ ಹಾಳೆಯೇ ಅರ್ಧ ವಿಮರ್ಶೆ ಬರೆದಿರುತ್ತದೆ. ಹತ್ತರಲ್ಲಿ ಎಂಟು ಹಾಡಿನ ದೊಡ್ಡ ಕುಸಿತ ಕೊನೆಯ ಒಂದೂವರೆ ನಿಮಿಷದಲ್ಲೇ ಇದ್ದರೆ ಐದನೇ ಹಾಡಿನ ಹೊತ್ತಿಗೆ ಕೇಳುಗ ಮೊದಲೇ ಊಹಿಸತೊಡಗುತ್ತಾನೆ, ಊಹಿಸಿದ ಕುಸಿತಕ್ಕೆ ತೂಕವಿಲ್ಲ. ಈ ಪ್ರಕಾರದ ದೊಡ್ಡ ರೋಗ ಇದೇ. ಈ ಆಲ್ಬಮ್‌ನಲ್ಲೂ 'ಅಪೋಥಿಯೋಸಿಸ್' ಮತ್ತು 'ರಾತ್' ಒಂದರ ಹಿಂದೊಂದು ಬರುವಾಗ ಅದು ಕಾಣಿಸುತ್ತದೆ. ಎರಡೂ ಬಿಡಿಯಾಗಿ ಗಟ್ಟಿ ಹಾಡುಗಳೇ, ಅಕ್ಕಪಕ್ಕದಲ್ಲಿ ಒಂದು ಇನ್ನೊಂದರ ಬಲ ಕದಿಯುತ್ತದೆ.

ಎರಡನೇ ಸಲ ಎರಡು ಬ್ರೇಕ್‌ಡೌನ್‌ಗಳ ನಡುವಿನ ಜಾಗ. ಆ ರಿಫ್‌ನ ಯಾವುದಾದರೂ ತುಣುಕು, ಒಂದು ಲಯದ ಅಂಗ ಅಥವಾ ಎರಡು ಸ್ವರ, ಕುಸಿತದೊಳಗೆ ಮತ್ತೆ ಕಾಣಿಸುತ್ತದೆಯೇ? ಕಾಣಿಸಿದರೆ ಬ್ರೇಕ್‌ಡೌನ್ ಹಾಡಿನಿಂದ ಹುಟ್ಟಿದ್ದು. ಇಲ್ಲದಿದ್ದರೆ ತಂದು ಅಂಟಿಸಿದ್ದು, ಬೇರೆ ಹಾಡಿಗೆ ಅಂಟಿಸಿದ್ದರೂ ನಡೆಯುತ್ತಿತ್ತು.

ಮೂರನೇ ಸಲ ಸಾಹಿತ್ಯದ ಜೊತೆ. ಇದಕ್ಕೆ ಮೆಟ್ರೋ ಆಗುತ್ತದೆ. ಕನಸಿನೊಳಗೆ ತನ್ನದೇ ಲೋಕ ಕಟ್ಟಿಕೊಂಡವನೊಬ್ಬನ ಸುತ್ತ ಈ ಆಲ್ಬಮ್ ಸಾಗುತ್ತದೆ. ಕೊನೆಯ ಮೂರು ಹಾಡು 'ಪೇನ್ ರಿಮೇನ್ಸ್' ಹೆಸರಿನಲ್ಲೇ ಒಂದು, ಎರಡು, ಮೂರು ಎಂದು ಸೇರಿಕೊಂಡು ಸುಮಾರು 20 ನಿಮಿಷ, ಪೂರ್ತಿ ಅಗಲಿಕೆಯ ದುಃಖ. ಹಳೇ ಮೆಟಲ್ ಕೇಳುಗರು ಸೋಲುವುದು ಇಲ್ಲೇ, ಸೋಲಬೇಕಾದದ್ದೂ ಇಲ್ಲೇ. ಮೊದಲನೆಯದರಲ್ಲಿ ಗಿಟಾರ್ ಒಂದು ನಿಧಾನವಾದ ಧಾಟಿಯನ್ನು ಹಿಡಿದು ಬಿಡದೆ ನಡೆಸುತ್ತದೆ. ಮೇಡನ್ ಕೇಳಿದ ಕಿವಿಗೆ ಅದು ಪರಕೀಯ ಅನಿಸುವುದೇ ಇಲ್ಲ. ರಾಮೋಸ್ ಎಲ್ಲಿಯೂ ಸಾದಾ ಕಂಠಕ್ಕೆ ಬರುವುದಿಲ್ಲ, ಆದರೂ ಆ ಕೂಗಿನಲ್ಲಿ ಕೋಪ ಹೋಗಿ ಅಳು ಬಂದಿರುತ್ತದೆ. ಮೂರನೆಯದು ಒಂಬತ್ತು ನಿಮಿಷ ಮೀರುತ್ತದೆ. ಅಲ್ಲಿಗೆ ಬರುವ ಕುಸಿತಕ್ಕೆ ಹಿಂದಿನ ಹದಿನೈದು ನಿಮಿಷದ ಎತ್ತರವಿದೆ. ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಕತ್ತರಿಸಿ ಹಂಚಲು ಬಾರದ ಬ್ರೇಕ್‌ಡೌನ್ ಇದು. ಇಡೀ ಆಲ್ಬಮ್‌ಗೆ ಒಂದೇ ಕಾರಣಕ್ಕೆ ಅಂಕ ಕೊಡಿ ಅಂದರೆ ಈ 20 ನಿಮಿಷಕ್ಕೆ ಕೊಡಬೇಕು.

ವಿಮರ್ಶೆ ಬರೆಯುವವರು 'ಬ್ರೂಟಲ್', 'ಹೆವಿ' ಅನ್ನುವ ಮಾತು ಬಿಟ್ಟು ಬರೆದು ನೋಡಿ. ಎಲ್ಲ ಡೆತ್‌ಕೋರೂ ಹೆವಿಯೇ ಆಗಿರುವುದರಿಂದ ಓದುಗರಿಗೆ ಅದರಿಂದ ಏನೂ ಸಿಗುವುದಿಲ್ಲ. ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ ಏನಾಯಿತು, ಅದಕ್ಕೆ ಮುಂಚೆ ಏನಿತ್ತು ಅಂತ ಬರೆದರೆ ಓದುವವರು ತಾವೇ ಕೇಳಿ ಒಪ್ಪಬಹುದು, ಜಗಳವಾಡಲೂಬಹುದು.

ಇಲ್ಲಿಂದ ಮುಂದೆ ಯಾವ ಕಡೆ ಹೋಗುವುದು ನಿಮ್ಮ ಹಳೇ ರುಚಿಯ ಮೇಲೆ ನಿಂತಿದೆ. ಸೋಲೋ, ಕೈಚಳಕ ಬೇಕಾದವರು ಆಲ್ ಶಲ್ ಪೆರಿಶ್‌ನ 2006ರ 'ದ ಪ್ರೈಸ್ ಆಫ್ ಎಗ್ಸಿಸ್ಟೆನ್ಸ್' ಹಿಡಿಯಿರಿ. ಲ್ಯಾಂಬ್ ಆಫ್ ಗಾಡ್‌ನ ತೂಗಾಟ ಇಷ್ಟಪಟ್ಟವರಿಗೆ ವೈಟ್‌ಚಾಪೆಲ್‌ನ 2008ರ 'ದಿಸ್ ಈಸ್ ಎಗ್ಸೈಲ್'. ಅದು ಹಿಡಿಸಿದರೆ ಅದೇ ಬ್ಯಾಂಡ್‌ನ 2019ರ 'ದ ವ್ಯಾಲಿ'ಗೆ ಬನ್ನಿ. ಗಾಯಕ ಫಿಲ್ ಬೋಜ್‌ಮನ್ ತನ್ನ ಬಾಲ್ಯದ ನೋವನ್ನು ಅಲ್ಲಿ ಅಲ್ಲಲ್ಲಿ ಸಾದಾ ದನಿಯಲ್ಲೇ ಹಾಡುತ್ತಾನೆ. ಅದನ್ನು ಮಾತ್ರ ಮೊದಲ ಸಲವೇ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ.